ಫ್ರಿಜ್ಜಿಗೆ ಹೋದ ಗೆಣಸು ಯಾಕೆ ಬೇಯಲಿಲ್ಲ?

ಪ್ರಶ್ನೆ: ಸಂಕ್ರಾಂತಿಗೆ ಅಂತ ಐದು ಕೆಜಿ ಗೆಣಸು ತಂದಿದ್ದೆವು. ಹಬ್ಬಕ್ಕೆ ಬೇಯಿಸಿ ಉಳಿದದ್ದನ್ನು ತೊಳೆದು ಫ್ರಿಜ್ಜಿನಲ್ಲಿಟ್ಟೆ. ಎರಡು ವಾರ ಬಿಟ್ಟು ಕುಕ್ಕರಿನಲ್ಲಿ ನಾಲ್ಕು ವಿಷಲ್ ಕೂಗಿಸಿದರೂ ನಡುವೆ ಗಟ್ಟಿಯಾಗಿಯೇ ಇತ್ತು, ಸಿಹಿಯೂ ಇರಲಿಲ್ಲ. ಒಂದೆರಡು ಕಹಿ ಬೇರೆ. ನಮ್ಮ ಮಾವನವರಿಗೆ ಶುಗರ್ ಇದೆ, ಆದರೆ ಗೆಣಸು ಅಂದರೆ ಪ್ರಾಣ. ಕೊಡಬಹುದಾ? ಗೆಣಸಿನಲ್ಲಿ ವಿಟಮಿನ್ ಎ ತುಂಬಾ ಇದೆ, ಕಣ್ಣಿಗೆ ಒಳ್ಳೆಯದು ಅಂತಾರೆ, ನಿಜವಾ? ಆರಿಸುವುದು, ಇಡುವುದು, ಬೇಯಿಸುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ತಿಳಿಸಿ.
ಓದುಗರೊಬ್ಬರು, ತುಮಕೂರು

ಉತ್ತರ: ಮೊದಲು ಆ ಕಹಿ ಗೆಣಸಿನ ವಿಷಯ ಮುಗಿಸಿಬಿಡೋಣ. ಉಳಿದದ್ದನ್ನು ನಿಧಾನವಾಗಿ ಮಾತಾಡಬಹುದು.

ಕಹಿ ಇರುವ ಗೆಣಸನ್ನು ಪೂರ್ತಿ ಎಸೆಯಿರಿ. ಕಹಿ ತುದಿ ಕತ್ತರಿಸಿ ಉಳಿದದ್ದನ್ನು ತಿನ್ನೋಣ ಅನ್ನಬೇಡಿ. ಬೆಲ್ಲ ಜಾಸ್ತಿ ಹಾಕಿ ಮುಚ್ಚಿಹಾಕಬೇಡಿ. ದನಕ್ಕೂ ಹಾಕಬೇಡಿ. ಮೂತಿ ಹುಳು ಕೊರೆದಾಗ, ಬೂಸ್ಟು ಹತ್ತಿದಾಗ ಗೆಣಸು ತನ್ನನ್ನು ಕಾಪಾಡಿಕೊಳ್ಳಲು ಒಳಗೇ ಕಹಿ ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ. ಇಪೊಮಿಯಮರೋನ್ ಅಂತ ಒಂದಿದೆ, ಅದು ಲಿವರ್‌ಗೆ ಕೆಟ್ಟದ್ದು. ಬೂಸ್ಟು ಹಿಡಿದ ಗೆಣಸಿನಲ್ಲಿ ಹುಟ್ಟುವ ಇನ್ನೊಂದು ವಸ್ತು ಶ್ವಾಸಕೋಶಕ್ಕೆ ವಿಷ. ಕೊಳೆತ ಗೆಣಸು ತಿಂದ ದನಗಳು ಉಸಿರಾಡಲಾಗದೆ ಸತ್ತ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿವೆ. ಬೇಯಿಸಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಸಮಾಧಾನದ ಮಾತೆಂದರೆ ನಾಲಿಗೆಗೆ ಇದು ತಕ್ಷಣ ಗೊತ್ತಾಗುತ್ತದೆ. ಒಂದು ತುಂಡು ಕಹಿ ಅನ್ನಿಸಿ ಉಗುಳಿದರೆ ಹೆದರುವಂಥದ್ದೇನೂ ಇಲ್ಲ.

ಇನ್ನು ನಿಮ್ಮ ಫ್ರಿಜ್ಜಿಗೆ ಬರೋಣ. ಗೆಣಸು ಅಂದರೆ ಒಂಥರಾ ಸಿಹಿ ಆಲೂಗಡ್ಡೆ ಅಂತ ನೀವು ಅಂದುಕೊಂಡಿದ್ದೀರಿ. ನೀವೊಬ್ಬರೇ ಅಲ್ಲ ಬಿಡಿ, ಇಂಗ್ಲಿಷಿನವರು ಅದಕ್ಕೆ ಸ್ವೀಟ್ ಪೊಟ್ಯಾಟೊ ಅಂತಲೇ ಹೆಸರಿಟ್ಟಿದ್ದಾರೆ. ಆದರೆ ಎರಡಕ್ಕೂ ದೂರದ ನಂಟಷ್ಟೇ. ಆಲೂಗಡ್ಡೆ ಬದನೆ, ಟೊಮೆಟೊ ಕುಟುಂಬದ್ದು. ನಾವು ತಿನ್ನುವುದು ಮಣ್ಣೊಳಗೆ ಊದಿಕೊಂಡ ಅದರ ಕಾಂಡವನ್ನು. ಗೆಣಸು ಬೇಲಿಯ ಮೇಲೆ ಹಬ್ಬಿ ಬೆಳಗ್ಗೆ ನೇರಳೆ ಬಣ್ಣದ ಕೊಳವೆ ಹೂವು ಬಿಡುತ್ತದಲ್ಲ, ಆ ಮಾರ್ನಿಂಗ್ ಗ್ಲೋರಿ ಬಳ್ಳಿಯ ಕುಟುಂಬದ್ದು. ಗೆಣಸಿನ ಹೂವು ನೋಡಿದರೆ ನಿಮಗೇ ಗೊತ್ತಾಗುತ್ತದೆ, ಅದೇ ಆಕಾರ. ಇಲ್ಲಿ ತಿನ್ನುವುದು ಬೇರನ್ನು.

ಅದೂ ಬಿಸಿ ನೆಲದ ಬಳ್ಳಿಯ ಬೇರು. ಅದರ ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕ, ಚಳಿ ಅದಕ್ಕೆ ಆಗಿಬರುವುದಿಲ್ಲ. ಸುಮಾರು 12 ಡಿಗ್ರಿಗಿಂತ ತಣ್ಣಗಿನ ಜಾಗದಲ್ಲಿ ಕೆಲವು ದಿನ ಇಟ್ಟರೆ ಒಳಗಿನ ಜೀವಕೋಶಗಳಿಗೆ ಪೆಟ್ಟಾಗುತ್ತದೆ. ಮನೆ ಫ್ರಿಜ್ಜು ಇರುವುದು 4 ಡಿಗ್ರಿಯ ಆಸುಪಾಸು. ಹೊರಗಿಂದ ನೋಡಿದರೆ ಏನೂ ಆಗಿರುವುದಿಲ್ಲ. ಹಸಿಯಾಗಿದ್ದಾಗ ಕತ್ತರಿಸಿ ನೋಡಿದರೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಬೇಯಿಸಿದ ಮೇಲೆ ನಿಜ ಬಯಲಾಗುತ್ತದೆ. ಸುತ್ತ ಬೆಂದಿರುತ್ತದೆ, ನಡುವೆ ಮಾತ್ರ ಹಸಿ ಮೂಲಂಗಿಯ ಹಾಗೆ ಗಟ್ಟಿ. ನಾಲ್ಕಲ್ಲ, ಹತ್ತು ವಿಷಲ್ ಕೂಗಿಸಿದರೂ ಅದು ಮೆತ್ತಗಾಗುವುದಿಲ್ಲ. ಕುಕ್ಕರಿನದ್ದೂ ತಪ್ಪಲ್ಲ, ಗ್ಯಾಸಿನದ್ದೂ ತಪ್ಪಲ್ಲ. ಸಂತೆಯವರು ಮೋಸ ಮಾಡಿದರು ಅಂತ ಬೈದುಕೊಂಡಿದ್ದರೆ ಅದನ್ನೂ ವಾಪಸ್ ತಗೊಳ್ಳಿ.

ತೊಳೆದಿಟ್ಟದ್ದು ಎರಡನೇ ಎಡವಟ್ಟು. ಗೆಣಸಿನ ಸಿಪ್ಪೆ ತುಂಬಾ ತೆಳು. ಉಜ್ಜಿ ತೊಳೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಾಗುತ್ತವೆ. ಒದ್ದೆಯೂ ಸೇರಿದರೆ ಬೂಸ್ಟಿಗೆ ಹಬ್ಬ. ಮಣ್ಣಿದ್ದರೆ ಇರಲಿ. ಬೇಯಿಸುವ ದಿನ ತೊಳೆದರೆ ಸಾಕು.

ಮತ್ತೆ ಎಲ್ಲಿಡಬೇಕು? ದೊಡ್ಡ ಉಗ್ರಾಣಗಳಲ್ಲಿ 13ರಿಂದ 16 ಡಿಗ್ರಿಯಲ್ಲಿ, ಗಾಳಿಯಲ್ಲಿ ಶೇ. 85ರಿಂದ 90ರಷ್ಟು ತೇವ ಇಟ್ಟುಕೊಂಡು ತಿಂಗಳುಗಟ್ಟಲೆ ಕಾಪಾಡುತ್ತಾರೆ. ನಮ್ಮ ಮನೆಗಳಲ್ಲಿ ಅದು ಆಗದ ಮಾತು. ಬಿದಿರಿನ ಬುಟ್ಟಿ ಅಥವಾ ತೂತಿರುವ ರಟ್ಟಿನ ಡಬ್ಬ ತಗೊಳ್ಳಿ. ತಳಕ್ಕೆ ಹಳೇ ಪೇಪರ್ ಹಾಕಿ. ಒಲೆಯ ಶಾಖ ತಗಲದ, ಬಿಸಿಲು ಬೀಳದ, ಗಾಳಿಯಾಡುವ ಮೂಲೆಯಲ್ಲಿಡಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ಒಂದೇ ರಾತ್ರಿಗೆ ಒಳಗೆಲ್ಲ ಬೆವರಿರುತ್ತದೆ. ಹೀಗಿಟ್ಟರೆ ಒಂದರಿಂದ ಎರಡು ವಾರ ಧೈರ್ಯವಾಗಿ ಬರುತ್ತದೆ. ಛಳಿಗಾಲದಲ್ಲಿ ಇನ್ನಷ್ಟು ದಿನ. ಎರಡು ದಿನಕ್ಕೊಮ್ಮೆ ಕೈಯಾಡಿಸಿ. ಒಂದು ಕೊಳೆಯಲು ಶುರುವಾದರೆ ಪಕ್ಕದ್ದನ್ನೂ ಎಳೆದುಕೊಂಡು ಹೋಗುತ್ತದೆ.

ಐದು ಕೆಜಿ ಒಟ್ಟಿಗೆ ತರುವವರಾದರೆ ಇನ್ನೊಂದು ಕೆಲಸವಿದೆ. ಹೊಲದಿಂದ ಹೊಸದಾಗಿ ಕಿತ್ತ ಗೆಣಸನ್ನು ಸುಮಾರು 30 ಡಿಗ್ರಿ ಶಾಖದಲ್ಲಿ, ತೇವದ ಗಾಳಿಯಲ್ಲಿ ನಾಲ್ಕರಿಂದ ಏಳು ದಿನ ಬಿಟ್ಟರೆ ಕೀಳುವಾಗ ಆದ ಗಾಯಗಳ ಮೇಲೆ ಹೊಸ ಪದರ ಕಟ್ಟುತ್ತದೆ. ಸಿಹಿಯೂ ಏರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಕ್ಯೂರಿಂಗ್ ಅನ್ನುತ್ತಾರೆ. ಮನೆಯಲ್ಲಿ ಮಾಡುವುದು ಸುಲಭ: ನೆರಳಲ್ಲಿ ಗೋಣಿಚೀಲ ಹಾಸಿ, ಗೆಣಸು ಹರಡಿ, ಮೇಲೆ ಸ್ವಲ್ಪ ಒದ್ದೆ ಮಾಡಿ ಹಿಂಡಿದ ಇನ್ನೊಂದು ಗೋಣಿ ಹೊದಿಸಿ. ಗೋಣಿಯಿಂದ ನೀರು ತೊಟ್ಟಿಕ್ಕಬಾರದು, ಅಷ್ಟೇ. ಕಿತ್ತ ದಿನವೇ ಬೇಯಿಸಿದ ಗೆಣಸು ಸಪ್ಪೆ ಇರುವುದೂ, ವಾರ ಬಿಟ್ಟು ಬೇಯಿಸಿದ್ದು ಸಿಹಿ ಇರುವುದೂ ಇದಕ್ಕೇ.

ಆರಿಸುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ನಿಮ್ಮ ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪ, ಎರಡೂ ತುದಿ ಸಣ್ಣಗಾದದ್ದು ಒಳ್ಳೆಯದು. ತೀರಾ ದಪ್ಪದ್ದರಲ್ಲಿ ನಾರು ಜಾಸ್ತಿ, ಬೇಯುವುದೂ ಒಂದೇ ಸಮ ಬೇಯುವುದಿಲ್ಲ. ತುದಿಗಳನ್ನು ಬೆರಳಲ್ಲಿ ಒತ್ತಿ ನೋಡಿ, ಕೊಳೆತ ಶುರುವಾಗುವುದು ಅಲ್ಲಿಂದಲೇ. ಸಾಸಿವೆ ಕಾಳಿನಷ್ಟು ಸಣ್ಣ ತೂತು ಒಂದು ಕಂಡರೂ ಕೆಳಗಿಡಿ, ಅದು ಮೂತಿ ಹುಳುವಿನ ಬಾಗಿಲು. ಒಳಗೆ ಸುರಂಗವೇ ಇರುತ್ತದೆ. ಸಿಪ್ಪೆಯ ಮೇಲೆ ಕಪ್ಪಗೆ ಅಂಟು ಅಂಟಾಗಿ ಒಣಗಿದ ಚುಕ್ಕೆ ಇದ್ದರೆ ಮಾತ್ರ ಹೆದರಬೇಡಿ, ಅದು ಸೋರಿ ಒಣಗಿದ ಗೆಣಸಿನ ಹಾಲು. ತುದಿ ಮುರಿದಾಗ ಬಿಳಿ ಹಾಲು ಜಿನುಗಿದರೆ ಗೆಣಸು ತಾಜಾ ಇದೆ ಅಂತ ಅರ್ಥ. ಮಾರುವವರನ್ನು ಕೇಳಿಯೇ ಮುರಿಯಿರಿ ಮತ್ತೆ!

ಮೊಳಕೆ ಬಂದಿದ್ದರೆ ಏನು ಅಂತ ತುಂಬಾ ಜನ ಕೇಳುತ್ತಾರೆ. ಆಲೂಗಡ್ಡೆ ಹಸಿರಾದರೆ, ಮೊಳೆತರೆ ಅದರಲ್ಲಿ ಸೊಲನೈನ್ ಅನ್ನುವ ವಿಷ ಏರುತ್ತದೆ. ಗೆಣಸಿಗೆ ಆ ಕಾಟವಿಲ್ಲ. ಮೊಳಕೆ ಚಿವುಟಿ ಧಾರಾಳವಾಗಿ ಬೇಯಿಸಿ. ರುಚಿ ಸ್ವಲ್ಪ ಇಳಿದಿರುತ್ತದೆ, ನಾರು ಬಂದಿರುತ್ತದೆ, ಅಷ್ಟೇ.

ವಿಟಮಿನ್ ಎ ವಿಷಯಕ್ಕೆ ಬಂದರೆ, ನಿಮಗೆ ಯಾರೋ ಅರ್ಧ ಸತ್ಯ ಹೇಳಿದ್ದಾರೆ. ಫೋನಿನಲ್ಲಿ ಬರುವ ಲೇಖನಗಳಲ್ಲಿ ಕಾಣುವ ಗೆಣಸು ಒಳಗೆ ಕ್ಯಾರೆಟ್ಟಿನ ಬಣ್ಣ ಇರುವಂಥದ್ದು. ಅದರ ನೂರು ಗ್ರಾಂನಲ್ಲಿ ಸುಮಾರು 700 ಮೈಕ್ರೋಗ್ರಾಂ ವಿಟಮಿನ್ ಎಗೆ ಸಮನಾದ ಬೀಟಾ ಕ್ಯಾರೊಟಿನ್ (ಮೈಯೊಳಗೆ ವಿಟಮಿನ್ ಎ ಆಗಿ ಬದಲಾಗುವ ಬಣ್ಣದ ವಸ್ತು) ಸಿಗುತ್ತದೆ. ಒಬ್ಬರ ದಿನದ ಅಗತ್ಯದ ಬಹುಪಾಲು ಅಷ್ಟರಲ್ಲೇ ಮುಗಿಯಿತು. ಆದರೆ ನಮ್ಮ ಸಂತೆಗಳಲ್ಲಿ ಹೆಚ್ಚಾಗಿ ಸಿಗುವುದು ಹೊರಗೆ ಕೆಂಪು, ಒಳಗೆ ಬಿಳಿ. ಅದರಲ್ಲಿ ಬೀಟಾ ಕ್ಯಾರೊಟಿನ್ ಇಲ್ಲ ಅನ್ನುವಷ್ಟು ಕಡಿಮೆ. ಸಿಪ್ಪೆಯ ಕೆಂಪು ನೋಡಿ ಮೋಸಹೋಗಬೇಡಿ, ತಿರುಳಿನ ಬಣ್ಣ ನೋಡಿ.

ಈ ಕಿತ್ತಳೆ ತಿರುಳಿನ ಗೆಣಸಿನದ್ದು ದೊಡ್ಡ ಕಥೆ. ಆಫ್ರಿಕಾದ ಮೊಜಾಂಬಿಕ್, ಉಗಾಂಡ ಕಡೆ ಮಕ್ಕಳಲ್ಲಿ ವಿಟಮಿನ್ ಎ ಕೊರತೆ ವಿಪರೀತ ಇತ್ತು. ಜನ ತಿನ್ನುತ್ತಿದ್ದದ್ದೂ ನಮ್ಮ ಹಾಗೆ ಬಿಳಿ ಗೆಣಸನ್ನೇ. ಅಲ್ಲಿ ಕಿತ್ತಳೆ ತಳಿಗಳನ್ನು ಬೆಳೆಸಿ ಹಬ್ಬಿಸಿದ್ದಕ್ಕೆ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜ್ಯಾನ್ ಲೋ ಅವರಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಜೊತೆಗೆ ಬೆಳೆಗಳಲ್ಲೇ ಪೋಷಕಾಂಶ ಹೆಚ್ಚಿಸುವ ಕೆಲಸಕ್ಕಾಗಿ ಹೊವಾರ್ತ್ ಬೌಯಿಸ್ ಅವರಿಗೂ. ನಮ್ಮಲ್ಲೂ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಭೂ ಸೋನಾ ಅನ್ನುವ ಕಿತ್ತಳೆ ತಳಿ, ಭೂ ಕೃಷ್ಣ ಅನ್ನುವ ನೇರಳೆ ತಳಿ ಕೊಟ್ಟಿದೆ. ಸಿಕ್ಕರೆ ಖಂಡಿತ ತನ್ನಿ. ಬೇಯಿಸಿದ ಮೇಲೆ ಅರ್ಧ ಚಮಚ ತುಪ್ಪ ಹಾಕಿಕೊಳ್ಳಿ, ಬೀಟಾ ಕ್ಯಾರೊಟಿನ್ ಮೈಗೆ ಹತ್ತಲು ಜಿಡ್ಡು ಬೇಕು. ನಮ್ಮ ಅಜ್ಜಿಯರು ತುಪ್ಪ ಹಾಕುತ್ತಿದ್ದದ್ದು ರುಚಿಗೆ, ಲಾಭ ತಾನಾಗಿ ಬರುತ್ತಿತ್ತು.

ಹಾಗಂತ ಬಿಳಿ ಗೆಣಸು ದಂಡ ಅಂತಲ್ಲ. ಯಾವ ಬಣ್ಣದ್ದಾದರೂ ನೂರು ಗ್ರಾಂಗೆ ಹೆಚ್ಚುಕಡಿಮೆ 86 ಕ್ಯಾಲೊರಿ, 3 ಗ್ರಾಂ ನಾರು, ಒಳ್ಳೇ ಪ್ರಮಾಣದ ಪೊಟ್ಯಾಸಿಯಂ ಇರುತ್ತವೆ. ಹೊಟ್ಟೆ ತುಂಬುತ್ತದೆ, ಮಲಬದ್ಧತೆ ಇರುವವರಿಗೆ ಅನುಕೂಲ. ಕೆಲವರಿಗೆ ಗ್ಯಾಸ್ ಆಗುವುದೂ ನಿಜ. ಹಸಿಯಾಗಿ ತಿಂದರೆ ಇನ್ನೂ ಜಾಸ್ತಿ. ಕಿಡ್ನಿ ತೊಂದರೆಗೆ ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದರೆ, ಇಲ್ಲವೇ ಆಕ್ಸಲೇಟ್ ಕಲ್ಲಿನ ತೊಂದರೆ ಇದ್ದರೆ ಅವರನ್ನು ಕೇಳಿಯೇ ತಿನ್ನಬೇಕು. ಗೆಣಸು ಕ್ಯಾನ್ಸರ್ ಓಡಿಸುತ್ತದೆ, ಮುಖಕ್ಕೆ ಹೊಳಪು ಕೊಡುತ್ತದೆ ಅಂತೆಲ್ಲ ಬರೆದಿರುವುದನ್ನು ನಾನು ಓದಿ ನಕ್ಕು ಬಿಡುತ್ತೇನೆ.

ಈಗ ನಿಮ್ಮ ಮಾವನವರು. ಕೊಡಬಹುದು. ಆದರೆ ಹೇಗೆ ಬೇಯಿಸುತ್ತೀರಿ, ಯಾವುದರ ಬದಲು ಕೊಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಜಮೈಕಾದಲ್ಲಿ ಹತ್ತು ತಳಿಯ ಗೆಣಸುಗಳನ್ನು ಬೇರೆ ಬೇರೆ ರೀತಿ ಬೇಯಿಸಿ, ತಿಂದವರ ರಕ್ತದಲ್ಲಿ ಸಕ್ಕರೆ ಎಷ್ಟು ಬೇಗ ಏರುತ್ತದೆ ಅಂತ ಅಳೆದರು. 2011ರಲ್ಲಿ ಬಂದ ಪುಟ್ಟ ಅಧ್ಯಯನ ಅದು. ನೀರಲ್ಲಿ ಬೇಯಿಸಿದಾಗ ಆ ಏರಿಕೆಯ ಅಳತೆ, ಅಂದರೆ ಗ್ಲೈಸೆಮಿಕ್ ಇಂಡೆಕ್ಸ್, 41ರಿಂದ 50ರ ಒಳಗಿತ್ತು. ಸುಟ್ಟಾಗ, ಓವನ್ನಿನಲ್ಲಿ ಬೇಯಿಸಿದಾಗ ಅದೇ ಗೆಣಸು 79ರಿಂದ 94ಕ್ಕೆ ಹೋಯಿತು. ಅಂದರೆ ಕೆಂಡದಲ್ಲಿ ಸುಟ್ಟ ಗೆಣಸು ಮಾವನವರಿಗಲ್ಲ, ನೀರಲ್ಲಿ ಬೇಯಿಸಿದ್ದು ಅವರಿಗೆ. ಸಿಪ್ಪೆ ಸಮೇತ ಬೇಯಿಸಿ, ಆರಿಸಿ ಕೊಡಿ. ಆರಿದ ಮೇಲೆ ಪಿಷ್ಟದ ಒಂದಷ್ಟು ಭಾಗ ಬೇಗ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ.

ಪ್ರಮಾಣ? ಮುಷ್ಟಿ ಗಾತ್ರದ ಒಂದು, ಸುಮಾರು 100ರಿಂದ 150 ಗ್ರಾಂ. ಅದನ್ನು ಕೊಟ್ಟ ದಿನ ಆ ಹೊತ್ತಿನ ಅನ್ನವನ್ನೋ ಮುದ್ದೆಯನ್ನೋ ಅಷ್ಟು ಕಡಿಮೆ ಮಾಡಬೇಕು. ತಪ್ಪುವುದೇ ಇಲ್ಲಿ. ಊಟವೂ ಪೂರ್ತಿ, ಸಂಜೆಗೆ ಗೆಣಸೂ ಪೂರ್ತಿ, ಆಮೇಲೆ ಗೆಣಸಿನಿಂದ ಶುಗರ್ ಬಂತು ಅನ್ನುವುದು. ಜೊತೆಗೆ ಒಂದು ಹಿಡಿ ಬೇಯಿಸಿದ ಕಡಲೆಕಾಯಿ ಅಥವಾ ಅವರೆಕಾಯಿ ಕೊಟ್ಟರೆ ಸಕ್ಕರೆ ಏರುವ ವೇಗ ಇನ್ನಷ್ಟು ತಗ್ಗುತ್ತದೆ. ಸಂಕ್ರಾಂತಿ ತಟ್ಟೆಯಲ್ಲಿ ಈ ಮೂರೂ ಹೇಗೂ ಒಟ್ಟಿಗೇ ಇರುತ್ತವಲ್ಲ. ಎರಡು ಗಂಟೆ ಬಿಟ್ಟು ಮನೆಯ ಮೀಟರಿನಲ್ಲಿ ಒಮ್ಮೆ ನೋಡಿಬಿಡಿ. ಅವರ ಮೈಗೆ ಎಷ್ಟು ಹಿಡಿಸುತ್ತದೆ ಅನ್ನುವುದನ್ನು ನನಗಿಂತ ಆ ಮೀಟರ್ ಚೆನ್ನಾಗಿ ಹೇಳುತ್ತದೆ. ಶಿವರಾತ್ರಿ ಉಪವಾಸಕ್ಕೆ ಬರೀ ಗೆಣಸು ತಿಂದು ಮಾತ್ರೆ ಎಂದಿನಂತೆ ನುಂಗುವುದಾದರೆ ಮೊದಲೇ ಡಾಕ್ಟರನ್ನು ಕೇಳಿ.

ಅಂದ ಹಾಗೆ, ಉಪವಾಸಕ್ಕೆ ನಡೆಯುವ ಈ ಗೆಣಸು ನಮ್ಮ ದೇಶದ್ದೇ ಅಲ್ಲ. ಕೊಲಂಬಸ್ 1492ರಲ್ಲಿ ಅಮೆರಿಕ ಮುಟ್ಟಿದ ಮೇಲೆಯೇ ಅದು ಯುರೋಪಿನವರ ಹಡಗು ಹತ್ತಿ ಇತ್ತ ಬಂದದ್ದು. ಕಾಡಿನಲ್ಲಿ ಗೆಡ್ಡೆ ಗೆಣಸು ತಿಂದುಕೊಂಡಿದ್ದ ಋಷಿಗಳು ಅಂತ ಕಥೆಗಳಲ್ಲಿ ಕೇಳುತ್ತೇವಲ್ಲ, ಅವರು ತಿಂದದ್ದು ಬೇರೆ ಗೆಣಸು. ಹೊರಗಿಂದ ಬಂದದ್ದು ಹಳೇ ಹೆಸರನ್ನು ತನ್ನದು ಮಾಡಿಕೊಂಡಿತು. ಈಗಲೂ ಮರಗೆಣಸು, ತುಪ್ಪಗೆಣಸು ಅಂತ ಬೇರೆ ಬೇರೆ ಇವೆ, ಒಂದರ ಪಾಕ ಇನ್ನೊಂದಕ್ಕೆ ಹೊಂದುವುದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರಿಗೂ ಒಂದು ಮಾತು: ಅಲ್ಲಿನ ಅಂಗಡಿಗಳಲ್ಲಿ ಯಾಮ್ ಅಂತ ಚೀಟಿ ಹಚ್ಚಿದ ಕಿತ್ತಳೆ ತಿರುಳಿನದ್ದು ಸಾಮಾನ್ಯವಾಗಿ ಗೆಣಸೇ. ಅದರಲ್ಲಿ ನೀರು ಜಾಸ್ತಿ, ಹೋಳಿಗೆ ಹೂರಣಕ್ಕೆ ಒಗ್ಗುವುದಿಲ್ಲ.

ಇನ್ನು ಬೇಯಿಸುವುದು. ನೀವು ಸಿಹಿಯೇ ಇರಲಿಲ್ಲ ಅಂದಿರಲ್ಲ, ಅದರಲ್ಲಿ ನಿಮ್ಮ ಕುಕ್ಕರಿನ ಪಾಲೂ ಇದೆ. ಗೆಣಸಿನೊಳಗೆ ಪಿಷ್ಟವನ್ನು ಮಾಲ್ಟೋಸ್ ಅನ್ನುವ ಸಕ್ಕರೆಯಾಗಿ ಮಾಡುವ ಕಿಣ್ವವೊಂದಿದೆ. ಅದು ಚುರುಕಾಗಿ ಕೆಲಸ ಮಾಡುವುದು ಸುಮಾರು 60ರಿಂದ 75 ಡಿಗ್ರಿಯಲ್ಲಿ. ಶಾಖ ಇನ್ನೂ ಏರಿದರೆ ಅದು ಸತ್ತೇಹೋಗುತ್ತದೆ. ಕುಕ್ಕರಿನಲ್ಲಿ ಶಾಖ ಸರ್ರನೆ ಏರುವುದರಿಂದ ಅದಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಕೆಂಡದ ಪಕ್ಕ ಬೂದಿಯಲ್ಲಿ ಹೂತ ಗೆಣಸು ಮುಕ್ಕಾಲು ಗಂಟೆ ನಿಧಾನವಾಗಿ ಬಿಸಿಯಾಗುತ್ತದೆ. ಸಿಪ್ಪೆ ಒಡೆದ ಕಡೆ ಜೇನಿನಂಥ ಪಾಕ ಉಕ್ಕಿ, ಬೂದಿಗೆ ಅಂಟಿ, ಕಪ್ಪಗೆ ಗರಿಗರಿಯಾಗುತ್ತದಲ್ಲ, ಆ ಸಿಹಿಯಲ್ಲಿ ಬಹುಪಾಲು ಹುಟ್ಟಿದ್ದು ಆ ಮುಕ್ಕಾಲು ಗಂಟೆಯಲ್ಲೇ.

ಸೌದೆ ಒಲೆ ಇಲ್ಲದ ಮನೆಯಲ್ಲಿ ಹೀಗೆ ಮಾಡಿ. ದಪ್ಪ ತಳದ ಪಾತ್ರೆಯಲ್ಲಿ ಗೆಣಸನ್ನು ಇಡಿಯಾಗಿ, ಸಿಪ್ಪೆ ಸಮೇತ ಜೋಡಿಸಿ. ತಣ್ಣೀರು ಹಾಕಿ. ಕುದಿಯುವ ನೀರಿಗೆ ಹಾಕಬೇಡಿ. ಚಿಟಿಕೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿಡಿ. ಮಧ್ಯಮ ಗಾತ್ರದ್ದಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ. ಚಾಕುವಿನ ಮೊನೆ ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಆಯಿತು. ತಕ್ಷಣ ನೀರು ಬಸಿಯಿರಿ, ಇಲ್ಲದಿದ್ದರೆ ನೀರು ಕುಡಿದು ಸಪ್ಪೆಯಾಗುತ್ತದೆ. ಖಾಲಿ ಪಾತ್ರೆಯಲ್ಲೇ ಐದು ನಿಮಿಷ ಮುಚ್ಚಿಟ್ಟರೆ ಮೇಲಿನ ತೇವ ಆರಿ ಸಿಪ್ಪೆ ತಾನಾಗಿ ಬಿಡುತ್ತದೆ. ಅವಸರವಿದ್ದರೆ ಇಡ್ಲಿ ಪಾತ್ರೆಯಲ್ಲಿ ಹಬೆಗಿಡಿ, ಕುಕ್ಕರಿಗಿಂತ ಅದೇ ಮೇಲು.

ಹೋಳಿಗೆಗೆ ಮಾತ್ರ ಹಬೆಯೇ ಆಗಬೇಕು. ನೀರಲ್ಲಿ ಬೇಯಿಸಿದ ಗೆಣಸಿಗೆ ಬೆಲ್ಲ ಸೇರಿಸಿದ ಕೂಡಲೇ ಹೂರಣ ಗೊಜ್ಜಾಗಿ, ಕನಕ ಹರಿದು, ಕಾವಲಿಯ ಮೇಲೆಲ್ಲ ಅಂಟುತ್ತದೆ. ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಸಿಪ್ಪೆ ತೆಗೆದು, ಜರಡಿಯ ಮೇಲೆ ಉಜ್ಜಿ. ನಾರೆಲ್ಲ ಮೇಲೆ ಉಳಿಯುತ್ತದೆ. ಬೆಲ್ಲ ಗೆಣಸಿನ ಅರ್ಧ ತೂಕಕ್ಕಿಂತ ಕಡಿಮೆಯೇ ಸಾಕು. ಬಾಣಲೆಯ ಅಂಚು ಬಿಟ್ಟು ಮುದ್ದೆಯಾಗುವ ತನಕ ಮಗುಚಿ, ಏಲಕ್ಕಿ ಹಾಕಿ, ಪೂರ್ತಿ ಆರಿದ ಮೇಲೆ ಉಂಡೆ ಕಟ್ಟಿ. ಬೇಳೆ ಹೋಳಿಗೆಗಿಂತ ಕೆಲಸ ಕಡಿಮೆ. ನನಗಂತೂ ರುಚಿಯೂ ಇದೇ ಮೇಲು.

ಪಲ್ಯಕ್ಕೆ ಬೇಯಿಸಿಕೊಳ್ಳಬೇಡಿ, ಹಸಿಯದ್ದನ್ನೇ ಬೆರಳ ಅಗಲದ ಹೋಳು ಮಾಡಿ ನೀರಿಗೆ ಹಾಕಿ. ಹೊರಗಿಟ್ಟರೆ ಕಪ್ಪಾಗುತ್ತದೆ. ಹಾಲು ಕೈಗೆ ಅಂಟುತ್ತದೆ, ಎಣ್ಣೆ ಸವರಿಕೊಂಡರೆ ತೊಂದರೆಯಿಲ್ಲ. ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಇಂಗು, ಕರಿಬೇವಿನ ಒಗ್ಗರಣೆಗೆ ಹೋಳು, ಅರಿಶಿನ, ಉಪ್ಪು ಹಾಕಿ. ನೀರು ಚಿಮುಕಿಸಿ ಮುಚ್ಚಿ, ಹತ್ತು ನಿಮಿಷ. ಸೌಟು ಜಾಸ್ತಿ ಆಡಿಸಿದರೆ ಮುದ್ದೆಯಾಗುತ್ತದೆ, ಬಾಣಲೆಯನ್ನೇ ಹಿಡಿದು ಕುಲುಕಿ. ಕೊನೆಗೆ ತೆಂಗಿನತುರಿ, ನಿಂಬೆಹಣ್ಣು. ಹುಳಿ ಮರೆಯಬೇಡಿ, ಸಿಹಿ ಎದ್ದು ಕಾಣುವುದು ಹುಳಿಯ ಪಕ್ಕದಲ್ಲೇ. ಬೇಯಿಸಿ ಉಳಿದದ್ದನ್ನು ಮಾತ್ರ ಧಾರಾಳವಾಗಿ ಫ್ರಿಜ್ಜಿನಲ್ಲಿಡಿ, ಮೂರು ದಿನ ಏನೂ ಆಗುವುದಿಲ್ಲ.

ನಿಮ್ಮ ಫ್ರಿಜ್ಜಿನಲ್ಲಿ ಇನ್ನೂ ಹಸಿ ಗೆಣಸು ಉಳಿದಿದ್ದರೆ ಕತ್ತರಿಸಿ ನೋಡಿ. ಕೊಳೆತಿಲ್ಲ, ಕಹಿ ಇಲ್ಲ ಅಂದರೆ ತೆಳ್ಳಗೆ ಹೆಚ್ಚಿ ಬಜ್ಜಿ ಮಾಡಿ ಮುಗಿಸಿ. ತೆಳುವಾದಾಗ ಆ ಗಟ್ಟಿತನ ಅಷ್ಟಾಗಿ ಗೊತ್ತಾಗುವುದಿಲ್ಲ. ಇನ್ನು ಮುಂದೆ ಬುಟ್ಟಿಯಲ್ಲಿಟ್ಟದ್ದು ಮೊಳೆತರೆ ಎಸೆಯಬೇಡಿ. ಅರ್ಧ ಮಣ್ಣಲ್ಲಿ ಹೂತಿಡಿ, ಬಳ್ಳಿ ಒಂದು ಗೇಣು ಬಂದಾಗ ತುದಿ ಕತ್ತರಿಸಿ, ಮರಳು ಬೆರೆಸಿದ ಮಣ್ಣು ತುಂಬಿದ ಗೋಣಿಚೀಲದಲ್ಲಿ ಎರಡು ಗೆಣ್ಣು ಒಳಗೆ ಹೋಗುವ ಹಾಗೆ ನೆಡಿ. ಯೂರಿಯಾ ಹಾಕಿದರೆ ಬರೀ ಎಲೆ ಬರುತ್ತದೆ. ಎಳೇ ಚಿಗುರನ್ನು ಸೊಪ್ಪಿನ ಸಾರಿಗೆ ಬಳಸಿಕೊಳ್ಳಬಹುದು. ನಾಲ್ಕು ತಿಂಗಳಿಗೆ ಎಲೆ ಹಳದಿಯಾಗುತ್ತವೆ. ಆಗ ಒಂದನ್ನು ಕಿತ್ತು ಅಡ್ಡ ಕತ್ತರಿಸಿ ಸ್ವಲ್ಪ ಹೊತ್ತು ಬಿಡಿ. ಹಾಲು ಕಪ್ಪಾದರೆ ಇನ್ನೂ ಎಳಸು, ಎರಡು ವಾರ ಕಾಯಿರಿ. ಬಣ್ಣ ತಿರುಗದೆ ಒಣಗಿದರೆ ಬಲಿತಿದೆ, ಎಲ್ಲ ಕೀಳಬಹುದು. ಕಿತ್ತ ಮೇಲೆ ಗೋಣಿ ಹೊದಿಸಿ ಒಂದು ವಾರ ಬಿಟ್ಟು ಆಮೇಲೆ ಒಲೆಗಿಡಿ.